ದಾರದ ಮೇಲೆ ನಿಂತ ಹನಿ

ಸ್ಪಂಜು ನೀರು ಕುಡಿದು ಮುಳುಗಿತು. ಅದಕ್ಕೆ ಕಟ್ಟಿದ್ದ ದಾರ ಮಾತ್ರ ಒದ್ದೆಯಾಗಲಿಲ್ಲ.

ಇನ್‌ಸ್ಪೆಕ್ಟರ್ ಟಬ್ಬಿನ ಮೇಲೆ ಇನ್ನಷ್ಟು ಬಾಗಿದಳು. ತಳದಲ್ಲಿ ಇಟ್ಟಿಗೆಯಷ್ಟು ದೊಡ್ಡ ಕರಿ ತುಂಡು ಕೂತಿತ್ತು. ಒಂದು ಗಳಿಗೆ ಮುಂಚೆ ಅವಳ ಅಂಗೈ ಮೇಲೆ ಇದ್ದೂ ಇಲ್ಲದ ಹಾಗಿದ್ದ ವಸ್ತು, ಈಗ ನೆನೆದ ಕಂಬಳಿಯ ಹಾಗೆ ಬಿದ್ದಿತ್ತು. ಅದರ ಮೂಲೆಗೆ ಕಟ್ಟಿದ ಬಿಳಿ ನೂಲು ನೀರಿನೊಳಗೆ ನೆಟ್ಟಗೆ ಎದ್ದು ನಿಂತಿತ್ತು. ತುದಿಯ ನಂಬರ್ ಚೀಟಿ ಮೇಲೆ ತೇಲುತ್ತಿತ್ತು. ನೂಲಿನ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಅಂಟಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು.

"ಇನ್ನೂ ಎಷ್ಟು ಸಲ ಮುಳುಗಿಸ್ತೀರಿ?" ಪ್ರೊಫೆಸರ್ ಬಾಗಿಲಿಗೆ ಒರಗಿ ನಿಂತು ಕೇಳಿದರು. "ಮುಳುಗೋದೇ ಅದರ ತಪ್ಪು ಅಂತ ನಿಮ್ಮ ವರದಿಯಲ್ಲೇ ಬರೆದಿದ್ದೀರಲ್ಲ."

ಹನ್ನೆರಡು ದಿನದ ಹಿಂದೆ ತೈಲ ಡಿಪೋದ ಟ್ಯಾಂಕು ಸೋರಿ, ಎಣ್ಣೆ ಕಾಲುವೆಗೆ ಇಳಿದಿತ್ತು. ಅದನ್ನು ಹೀರಬೇಕಿದ್ದ ಈ ಲ್ಯಾಬಿನ ಸ್ಪಂಜುಗಳು ನೀರು ಹೀರಿ ಮುಳುಗಿದ್ದವು. ಕಾಲುವೆಯಿಂದ ಊರಿಗೆ ನೀರೆತ್ತುವ ಬಾವಿಯ ತೂಬಿನ ಬಾಗಿಲು ಮುಚ್ಚಲು ಇಳಿದ ಪಂಪಿನವನು ಮೇಲೆ ಬಂದಿರಲಿಲ್ಲ. "ಪರೀಕ್ಷಿಸಿದೆ" ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದ್ದ ಸಂಶೋಧಕಿ ಈಗ ಠಾಣೆಯ ಲಾಕಪ್ಪಿನಲ್ಲಿದ್ದಳು. ಕಸ್ಟಡಿ ಅವಧಿ ಮುಗಿದು, ಇವತ್ತು ನಾಲ್ಕು ಗಂಟೆಗೆ ಅವಳನ್ನು ಮತ್ತೆ ಕೋರ್ಟಿಗೆ ಒಯ್ಯಬೇಕು. ಅಷ್ಟರೊಳಗೆ ಬೇರೆ ಹೆಸರು ಸಿಗದಿದ್ದರೆ ಅವಳಿಗೆ ಜೈಲೇ ಗಟ್ಟಿ.

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

"ಪೇದೆ, ಈ ದಾರ ಮುಟ್ಟಿ ನೋಡು."

ಪೇದೆ ತೋಳು ಮಡಚಿ ಟಬ್ಬಿಗೆ ಕೈ ಹಾಕಿದ. ಸ್ಪಂಜನ್ನು ಎತ್ತಿದ ಕೂಡಲೇ ಅದರಿಂದ ನೀರು ಧಾರೆಯಾಗಿ ಸುರಿಯಿತು. ನೂಲನ್ನು ಎರಡು ಬೆರಳಲ್ಲಿ ಹಿಡಿದು ಹುಬ್ಬೇರಿಸಿದ.

"ಒಣಗಿದೆ ಮೇಡಂ. ನಮ್ಮನೇಲಿ ಹೊಸ ಟವೆಲು ಹೀಗೇ ಮಾಡುತ್ತೆ. ಮೈ ಒರೆಸ್ಕೊಂಡ್ರೆ ನೀರನ್ನ ಬೆನ್ನಿಂದ ಹೊಟ್ಟೆಗೆ ತಳ್ಳುತ್ತೆ, ಕುಡಿಯಲ್ಲ. ನಾಲ್ಕು ಸಲ ಒಗೆದ ಮೇಲೇ ಅದು ಟವೆಲ್ ಆಗೋದು."

"ಯಾಕೆ ಹಾಗೆ?"

"ಗಿರಣಿಯವರು ಏನೋ ಬಳಿದಿರ್ತಾರಂತೆ. ಹೆಂಡತಿ ಹೇಳೋದು."

ಇನ್‌ಸ್ಪೆಕ್ಟರ್ ಒಂದು ಹನಿ ನೀರನ್ನು ನೂಲಿನ ಮೇಲೆ ಬಿಟ್ಟಳು. ಹನಿ ದುಂಡಗೆ ಮಣಿಯ ಹಾಗೆ ಕೂತಿತು. ನೂಲನ್ನು ಓರೆ ಮಾಡಿದಾಗ ಉರುಳಿ ಹೋಯಿತು.

ಸಿಂಕಿನ ಹತ್ತಿರ ಗಾಜಿನ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಅಲ್ಲಿ ನಿಂತಿದ್ದವಳು ಲ್ಯಾಬಿನ ಆಯಾ. ಮೂವತ್ತು ವರ್ಷದಿಂದ ಇಲ್ಲೇ ಇದ್ದಾಳೆ. ಸ್ಪಂಜುಗಳಿಗೆ ದಾರ ಕಟ್ಟುವುದು ಅವಳ ಕೆಲಸವಾದ್ದರಿಂದ ಎಲ್ಲರೂ ದಾರದಮ್ಮ ಎನ್ನುತ್ತಾರೆ. ಲಾಕಪ್ಪಿನಲ್ಲಿರುವ ಸಂಶೋಧಕಿ ಅವಳ ಮಗಳು. ಈ ಹನ್ನೆರಡು ದಿನವೂ ಅವಳು ಒಂದು ದಿನ ರಜೆ ಹಾಕಿಲ್ಲ. ಬೆಳಿಗ್ಗೆ ಠಾಣೆಗೆ ಬಂದು, ರಾತ್ರಿ ಮಗಳು ಊಟ ಮಾಡಿದಳಾ ಎಂದಷ್ಟೇ ಕೇಳಿ, ಮಗಳ ಎರಡು ವರ್ಷದ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಲ್ಲಿಗೆ ಬರುತ್ತಾಳೆ.

"ಅಮ್ಮಾ, ಈ ದಾರದ ಉಂಡೆ ಎಲ್ಲಿದೆ?" ಇನ್‌ಸ್ಪೆಕ್ಟರ್ ಕೇಳಿದಳು.

ದಾರದಮ್ಮ ಕಪಾಟಿನಿಂದ ಒಂದು ಡಬ್ಬಿಯನ್ನು ಎದೆಗವಚಿಕೊಂಡು ತಂದಳು. ಪೇದೆಯ ಮುಂದಿಟ್ಟಳು.

"ಸ್ವಲ್ಪ ಮುಚ್ಚಳ ತೆಗಿಯಪ್ಪ. ಬಿಗಿಯಾಗಿದೆ."

"ಬಿಗಿ ಎಲ್ಲಿತ್ತಮ್ಮಾ, ಮುಟ್ಟಿದ ಕೂಡಲೇ ಬಂತು."

ಡಬ್ಬಿಯೊಳಗಿನ ನೂಲಿನ ತುದಿ ನೀರು ತಾಗಿದ ಕ್ಷಣವೇ ನೆನೆದು ಬೂದುಬಣ್ಣಕ್ಕೆ ತಿರುಗಿತು. ಅದೇ ನೂಲು, ಅದೇ ದಪ್ಪ. ಒಂದು ಕುಡಿಯುತ್ತದೆ, ಇನ್ನೊಂದು ಕುಡಿಯುವುದಿಲ್ಲ.

"ಸರ್," ಇನ್‌ಸ್ಪೆಕ್ಟರ್ ಬಾಗಿಲ ಕಡೆ ತಿರುಗಿದಳು. "ಹತ್ತಿ ನೂಲು ನೀರು ಕುಡೀಬಾರದು ಅಂದ್ರೆ ಏನು ಮಾಡ್ಬೇಕು?"

"ಸ್ಪಂಜಿಗೆ ಮಾಡೋದನ್ನೇ. ಸ್ಪಂಜಿನೊಳಗಿನ ಕಾಗದವೂ ಸೆಲ್ಯುಲೋಸು, ಹತ್ತಿಯೂ ಸೆಲ್ಯುಲೋಸು, ಎರಡೂ ಗಿಡದ ನಾರೇ. ಓವನಲ್ಲಿ ಔಷಧಿಯ ಹಬೆ ತಾಗಿದ್ರೆ ಎರಡೂ ಒಂದೇ ಥರ ಆಗುತ್ತೆ." ಪಾಠ ಹೇಳುವ ಹುಮ್ಮಸ್ಸಿನಲ್ಲಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ನಿಧಾನವಾಯಿತು.

"ಅಂದ್ರೆ ಈ ದಾರ ಓವನಿಗೆ ಹೋಗಿ ಬಂದಿದೆ."

ಪ್ರೊಫೆಸರ್ ಗಡಿಯಾರ ನೋಡಿದರು.

"ದಾರ ಕಟ್ಟಿಸ್ಕೊಂಡ ಸ್ಪಂಜು ಮಾತ್ರ ಹೋಗಿ ಬಂದಿಲ್ಲ. ಇದು ಹೇಗೆ ಸರ್?"

"ನನಗೆ ಹತ್ತು ನಿಮಿಷದಲ್ಲಿ ಕ್ಲಾಸಿದೆ," ಎಂದು ಅವರು ಹೊರಟುಹೋದರು.

* * *

ದಾರದಮ್ಮನನ್ನು ಕೂರಿಸಿ ಪೇದೆ ಚಹಾ ತಂದುಕೊಟ್ಟ. ಅವಳು ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಬಗ್ಗಿ ಕುಡಿದಳು.

"ನನಗೆ ತಿಳಿಯೋ ಹಾಗೆ ಹೇಳಿ ಅಮ್ಮಾ. ಮೊದಲಿಂದ."

"ಏನಿದೆ ಮೇಡಂ, ಅಡಿಗೆ ಇದ್ದ ಹಾಗೇ. ರದ್ದಿ ಕಾಗದ ಕರಗಿಸ್ತೀವಿ. ಅದಕ್ಕೆ ಆ ಕರಿ ಪುಡಿ ಬೆರೆಸ್ತೀವಿ. ಕಾರ್ಬನ್ ನ್ಯಾನೊಟ್ಯೂಬ್ ಅಂತಾರೆ, ಒಂದು ಕೂದಲನ್ನ ಸಾವಿರ ಸಲ ಸೀಳಿದ್ರೂ ಅಷ್ಟು ಸಣ್ಣ ಆಗಲ್ಲವಂತೆ, ಅಂಥ ಕೊಳವೆಗಳು. ಅದಿದ್ರೇನೇ ಹಿಂಡಿದ್ರೂ ಮತ್ತೆ ಉಬ್ಬೋದು. ಅಚ್ಚಿಗೆ ಹುಯ್ದು ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಯಂತ್ರದಲ್ಲಿಟ್ರೆ ಮಂಜುಗಡ್ಡೆ ನೀರಾಗದೇನೇ ಹಾರಿಹೋಗುತ್ತೆ. ಅದು ಕೂತಿದ್ದ ಜಾಗ ಖಾಲಿ ಉಳಿಯುತ್ತೆ. ಇದರಲ್ಲಿ ಖಾಲಿನೇ ಜಾಸ್ತಿ, ವಸ್ತು ಕಡಿಮೆ. ಆ ಖಾಲಿಗೇ ಎಣ್ಣೆ ತುಂಬ್ಕೊಳ್ಳೋದು."

"ನೀರು ತುಂಬ್ಕೊಳ್ಳಲ್ವಾ?"

"ಬಿಟ್ರೆ ನೀರೇ ಮೊದಲು ತುಂಬ್ಕೊಳ್ಳುತ್ತೆ. ಅದಕ್ಕೇ ಕೊನೇಲಿ ರಾತ್ರಿಯಿಡೀ ಹಬೆ ಕೊಡೋದು. ಹಬೆ ತಾಗಿದ್ದು ನೀರನ್ನ ಮುಟ್ಟಲ್ಲ, ಎಣ್ಣೆ ಮಾತ್ರ ಕುಡಿಯುತ್ತೆ. ಆದ್ರೆ ತಾಗದೇ ಇರೋದೂ ಕಪ್ಪು, ತಾಗಿದ್ದೂ ಕಪ್ಪು. ಅದಕ್ಕೇ ಪ್ರತಿಯೊಂದರ ಮೇಲೂ ಒಂದು ಹನಿ ನೀರಿಟ್ಟು ನೋಡ್ತೀವಿ. ಹನಿ ನಿಂತ್ರೆ ದಾರ ಕಟ್ಟಿ ನಂಬರ್ ಚೀಟಿ ಹಾಕೋದು. ಇಂಗಿದ್ರೆ ಇಲ್ಲ."

"ಅಂದ್ರೆ ದಾರ ಕಟ್ಟೋದು ಓವನಿಂದ ಹೊರಗೆ ಬಂದ ಮೇಲೆ."

"ಹೂಂ. ಓವನೊಳಗೆ ಸ್ಪಂಜು ಬಿಟ್ರೆ ಬೇರೇನೂ ಇಡಬಾರ್ದು. ಸಾಹೇಬ್ರ ನಿಯಮ."

"ಈ ಸಲ ಇಟ್ರಿ."

ದಾರದಮ್ಮ ಲೋಟವನ್ನು ಮೆಲ್ಲನೆ ಕೆಳಗಿಟ್ಟಳು.

"ನನ್ನ ಮಗಳು ಇಟ್ಟಳು ಮೇಡಂ. ನನಗೋಸ್ಕರ. ಸೋಮವಾರ ನಲವತ್ತು ಸ್ಪಂಜು ಹೊರಗೆ ಬಂತು. ಎಲ್ಲದರ ಮೇಲೂ ಹನಿ ನಿಂತಿತು. ದಾರ ಕಟ್ಟಿ ಆಯ್ತು. ಇವಳಿಗೆ ಒಂದು ಚಾಳಿ, ಕೊನೇಲಿ ಒಂದನ್ನ ಎರಡು ಹೋಳು ಮಾಡಿ ಒಳಗೂ ಹನಿ ಇಡ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಒಳಗೆ ಹನಿ ಇಂಗಿಬಿಡ್ತು. ಮೇಲೆ ಮಾತ್ರ ಹಬೆ ತಾಗಿದೆ, ಉಳಿದ ಮೂವತ್ತೊಂಬತ್ತೂ ಇನ್ನೊಂದು ರಾತ್ರಿ ಒಳಗಿರ್ಲಿ ಅಂದ್ಲು. ಮೂವತ್ತೊಂಬತ್ತು ಗಂಟು ಬಿಚ್ಚಿ, ನಾಳೆ ಮತ್ತೆ ಕಟ್ಟೋದು ಅಂದ್ರೆ... ನನ್ನ ಬೆರಳು ಸ್ವಲ್ಪ ನೋಯುತ್ತೆ. ದಾರ ಸಮೇತ ಹಾಗೇ ಇಟ್ಟುಬಿಟ್ಲು."

"ರಿಜಿಸ್ಟರಿನಲ್ಲಿ ಒಂದೇ ರಾತ್ರಿ ಅಂತ ಇದೆ."

"ನಿಯಮ ಮುರಿದಿದ್ದನ್ನ ಯಾರು ಬರೀತಾರೆ?"

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡಿದಳು. ಪಂಪಿನವನ ಹೆಂಡತಿ ನಿನ್ನೆಯೂ ಠಾಣೆಗೆ ಬಂದಿದ್ದಳು. ಯಾರು ಕೊಂದರು ಎಂದು ಅವಳು ಒಂದು ಸಲವೂ ಕೇಳಿಲ್ಲ. ಅವರಿಗೆ ಚೆನ್ನಾಗಿ ಈಜು ಬರುತ್ತಿತ್ತು ಎಂದು ಮಾತ್ರ ಹೇಳಿ ಹೋಗುತ್ತಾಳೆ. ಅವನು ಈಜಬೇಕಾಗಿಯೇ ಬರಲಿಲ್ಲ. ಸ್ಪಂಜು ಕಟ್ಟಿದ್ದೇವೆ, ಎಣ್ಣೆ ಇತ್ತ ಬರುವುದಿಲ್ಲ, ನಿಧಾನವಾಗಿ ಮುಚ್ಚು ಎಂದು ಮೇಲಿನವರು ಹೇಳಿದ್ದರು. ಅವನು ನಿಧಾನವಾಗಿಯೇ ಮುಚ್ಚುತ್ತಿದ್ದ. ಎಣ್ಣೆಯ ಆವಿ ತುಂಬಿದ ಬಾವಿಯಲ್ಲಿ ಉಸಿರು ಕಟ್ಟಿ ಏಣಿಯಿಂದ ಜಾರಿದ.

"ಅಮ್ಮಾ, ನಿಮ್ಮ ಮಗಳು ಎರಡು ರಾತ್ರಿ ಹಬೆ ಕೊಟ್ಟ ಸ್ಪಂಜು ಮುಳುಗೋ ಹಾಗಿಲ್ಲ."

"ಅದನ್ನೇ ನಾನೂ ಹೇಳ್ತಿರೋದು," ದಾರದಮ್ಮನ ಮುಖದಲ್ಲಿ ಹನ್ನೆರಡು ದಿನದಲ್ಲಿ ಮೊದಲ ಸಲ ಜೀವ ಬಂತು. "ಅವಳ ಕೈಯಿಂದ ಕೆಟ್ಟ ತುಂಡು ಹೋಗಿಲ್ಲ. ಅವಳನ್ನ ಬಿಡ್ತೀರಲ್ಲ?"

"ಹಾಗಾದ್ರೆ ಅವಳ ಸ್ಪಂಜಿನಿಂದ ದಾರ ಬಿಚ್ಚಿ, ಹಬೆ ತಾಗದ ಸ್ಪಂಜಿಗೆ ಯಾರೋ ಕಟ್ಟಿದ್ದಾರೆ."

ಆ ಜೀವ ಬಂದ ಹಾಗೇ ಹೋಯಿತು. ದಾರದಮ್ಮ ಸೆರಗಿನಲ್ಲಿ ಕೈ ಸುತ್ತಿಕೊಂಡಳು.

* * *

ಪ್ರೊಫೆಸರಿಗೆ ಯಾವ ಕ್ಲಾಸೂ ಇರಲಿಲ್ಲ. ತಮ್ಮ ಕೋಣೆಯಲ್ಲಿ ಕೂತಿದ್ದರು.

ಮೇಜಿನ ಪಕ್ಕದಲ್ಲಿ ಗಾಜಿನ ತೊಟ್ಟಿ. ಅದರ ಹಿಂದೆ ಗೋಡೆಯಲ್ಲಿ ಒಂದು ಫೋಟೊ: ಕೋಟು ತೊಟ್ಟ ಅತಿಥಿಗಳು, ನಡುವೆ ಪ್ರೊಫೆಸರ್, ಕೈಯಲ್ಲಿ ಎಣ್ಣೆ ಹಿಂಡುತ್ತಿರುವ ಕರಿ ಸ್ಪಂಜು. ಸಂಶೋಧಕಿ ಫೋಟೊದಲ್ಲಿ ಇರಲಿಲ್ಲ. ಅಂಚಿನಲ್ಲಿ ಅವಳ ಒಂದು ತೋಳು ಮಾತ್ರ ಸಿಕ್ಕಿತ್ತು.

"ಈ ಪ್ರದರ್ಶನ ಯಾವತ್ತು ನಡೀತು ಸರ್?"

"ಬುಧವಾರ."

"ಡಿಪೋ ಗಾಡಿ ಬಂದು ಸ್ಪಂಜು ತಗೊಂಡು ಹೋಗಿದ್ದು?"

"ಬುಧವಾರ ಬೆಳಿಗ್ಗೆ."

ಇನ್‌ಸ್ಪೆಕ್ಟರ್ ಕೇಳದೇ ತೊಟ್ಟಿಯ ಕೆಳಗಿನ ಖಾನೆ ಎಳೆದಳು. ಎಣ್ಣೆಯ ವಾಸನೆ ಗಪ್ಪನೆ ಬಡಿಯಿತು. ಹಿಂಡಿ ಒಣಗಿಸಿದ ಕರಿ ಇಟ್ಟಿಗೆಗಳು ಸಾಲಾಗಿದ್ದವು. ಒಂದನ್ನು ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. ಇನ್ನೊಂದರಲ್ಲೂ ಅದೇ ಜಾಗದಲ್ಲಿ ಗೆರೆ. ರಾತ್ರಿಯಿಡೀ ಕಾವಿನಲ್ಲಿ ದಾರ ಕಟ್ಟಿಸಿಕೊಂಡು ಕೂತ ಗುರುತು.

ಪೇದೆ ಬಾಯಲ್ಲೇ ಎಣಿಸಿ ಮುಗಿಸಿದ. "ಮೂವತ್ತೊಂಬತ್ತು ಮೇಡಂ."

"ಇವು ಕಾಲುವೆಯಲ್ಲಿ ಇರ್ಬೇಕಿತ್ತು ಸರ್."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಇಪ್ಪತ್ತು ವರ್ಷ," ಎಂದರು. "ಇಪ್ಪತ್ತು ವರ್ಷ ಈ ಕರಿ ಇಟ್ಟಿಗೆಗೆ ಸುರಿದಿದ್ದೀನಿ. ಅವತ್ತು ಬಂದವರು ದುಡ್ಡು ಕೊಡಲ್ಲ ಅಂದಿದ್ರೆ ಲ್ಯಾಬಿಗೆ ಬೀಗ. ಎರಡು ರಾತ್ರಿ ಹಬೆ ತಾಗಿದ್ದು ಅಂದ್ರೆ ಹತ್ತು ಸಲ ಹಿಂಡಿದ್ರೂ ಕೈಕೊಡಲ್ಲ. ಬೇರೆ ತಟ್ಟೆಯಲ್ಲಿದ್ದ ಹೊಸ ಸ್ಪಂಜುಗಳಿಗೆ ಇನ್ನೂ ಒಂದು ರಾತ್ರಿಯ ಹಬೆಯೂ ಆಗಿರ್ಲಿಲ್ಲ, ಡಿಪೋಗೆ ಅವನ್ನೇ ಕಳಿಸಿದೆ. ಡಿಪೋದವರು ನಾವು ಕೊಟ್ಟ ಪೊಟ್ಟಣವನ್ನ ನಾಲ್ಕು ವರ್ಷದಲ್ಲಿ ಒಂದು ಸಲವೂ ಬಿಚ್ಚಿದವರಲ್ಲ. ಉಗ್ರಾಣದಲ್ಲಿ ಕೂತಿರುತ್ತೆ, ಮುಂದಿನ ವಾರ ಬದಲಾಯಿಸಿದ್ರಾಯ್ತು ಅಂದ್ಕೊಂಡೆ."

"ಭಾನುವಾರವೇ ಟ್ಯಾಂಕು ಸೋರ್ತು."

"ಹೌದು. ಭಾನುವಾರವೇ."

"ಇದನ್ನ ಬರೆದುಕೊಡಿ."

"ಕೊಡಲ್ಲ." ಅವರು ಕನ್ನಡಕ ಹಾಕಿಕೊಂಡರು. ಕಣ್ಣು ಮತ್ತೆ ಪಾಠ ಹೇಳುವ ಕಣ್ಣಾಯಿತು. "ಕೊಟ್ರೂ ನಿಮಗೆ ಸಾಲದು. ಬದಲಾಯಿಸಿ ಅಂತ ಬಾಯಲ್ಲಿ ಹೇಳಿದವನು ನಾನು. ಬಿಚ್ಚಿ ಕಟ್ಟಿದ ಕೈ ನಂದಲ್ಲ. ಆ ಗಂಟು ನೋಡಿ."

ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ನೋಡಿದ್ದಳು. ಎರಡು ಸುತ್ತು, ತುದಿಯನ್ನು ಒಳಗೆ ಸಿಕ್ಕಿಸಿ ಎಳೆದದ್ದು. ಮಾಮೂಲಿ ಗಂಟು ಹಾಕಿದರೆ ಈ ಸ್ಪಂಜಿನ ಮೂಲೆ ಪುಡಿಯಾಗುತ್ತದೆ. ಇದು ಬಿಗಿಯಾದರೂ ಕಚ್ಚುವುದಿಲ್ಲ.

"ದಾರದಮ್ಮ ಕಂಡುಹಿಡಿದ ಗಂಟು ಅದು," ಪ್ರೊಫೆಸರ್ ಹೇಳಿದರು. "ಈ ಕಟ್ಟಡದಲ್ಲಿ ಅದು ಬರೋದು ಇಬ್ಬರಿಗೆ. ಅಮ್ಮನಿಗೆ, ಮಗಳಿಗೆ."

"ಕಟ್ಟಿದ್ದು ನಾನೇ."

ಮೂವರೂ ತಿರುಗಿದರು. ದಾರದಮ್ಮ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೂವತ್ತೊಂಬತ್ತೂ ನಾನೇ ಬಿಚ್ಚಿ, ನಾನೇ ಕಟ್ಟಿದೆ. ಅವಳಿಗೆ ಗೊತ್ತೇ ಇಲ್ಲ. ಬರ್ಕೊಳ್ಳಿ ಮೇಡಂ."

ಪೇದೆ ಪೆನ್ನು ತೆಗೆದ. ಇನ್‌ಸ್ಪೆಕ್ಟರ್ ಕೈ ಅಡ್ಡ ಹಿಡಿದಳು. ಎದೆಗವಚಿಕೊಂಡು ತಂದ ಡಬ್ಬಿ, ಬಿಗಿಯಿಲ್ಲದ ಮುಚ್ಚಳ, ಎರಡು ಅಂಗೈಗಳ ನಡುವಿನ ಲೋಟ ಅವಳ ಕಣ್ಣ ಮುಂದೆ ಬಂದವು.

ಪ್ರೊಫೆಸರ್ ಅದನ್ನೇ ಬಾಯಿಬಿಟ್ಟು ಹೇಳಿದರು. ದನಿ ಎತ್ತಲಿಲ್ಲ.

"ಎಲ್ಲಿ, ಒಂದು ಗಂಟು ಹಾಕಿ ತೋರ್ಸೋಕೆ ಹೇಳಿ. ಆರು ತಿಂಗಳಿಂದ ಇವಳ ಬೆರಳು ಮಡಚೋದಿಲ್ಲ. ಕಟ್ಟೋದು ಮಗಳು, ಹೆಸರು ಅಮ್ಮಂದು. ನನಗೆ ಗೊತ್ತಿತ್ತು, ಸುಮ್ನಿದ್ದೆ. ಬೇರೆಯವರಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ನಾನು ಸುಮ್ನಿರೋದನ್ನ ಆ ಮಂಗಳವಾರ ಮಗಳಿಗೆ ಒಂದು ಸಲ ನೆನಪಿಸಿದೆ. ಅಷ್ಟೇ ನಾನು ಮಾಡಿದ್ದು."

ದಾರದಮ್ಮ ಅವರನ್ನು ನೋಡಲೂ ಇಲ್ಲ.

"ದಾರ ಕೊಡಿ ಮೇಡಂ," ಎಂದಳು.

ಇನ್‌ಸ್ಪೆಕ್ಟರ್ ಚೀಲಕ್ಕೆ ಹಾಕಿಕೊಂಡಿದ್ದ ಉಂಡೆಯಿಂದ ಒಂದು ಗೇಣು ನೂಲು ಹರಿದು ಕೊಟ್ಟಳು. ಖಾನೆಯಿಂದ ಒಂದು ಸ್ಪಂಜನ್ನು ಮೇಜಿನ ಮೇಲಿಟ್ಟಳು.

ದಾರದಮ್ಮ ನೂಲನ್ನು ಮೂಲೆಗೆ ಸುತ್ತಲು ನೋಡಿದಳು. ಬೆರಳುಗಳ ಗೆಣ್ಣುಗಳು ಹಲಸಿನ ಬೀಜದ ಹಾಗೆ ಊದಿದ್ದವು. ನೂಲು ಜಾರಿ ಬಿತ್ತು. ಎತ್ತಿಕೊಂಡಳು. ಮತ್ತೆ ಜಾರಿತು. ಪೇದೆ ಗೋಡೆಯ ಫೋಟೊ ನೋಡತೊಡಗಿದ. ಮೂರನೆಯ ಸಲ ನೂಲು ನೆಲಕ್ಕೇ ಬಿತ್ತು. ಅವಳು ಬಗ್ಗಿ, ಅಂಗೈಯಿಂದ ಒತ್ತಿ ಅದನ್ನು ಎತ್ತಿದಳು.

"ಸಾಕು ಅಮ್ಮಾ," ಇನ್‌ಸ್ಪೆಕ್ಟರ್ ಹೇಳಿದಳು. ಅವಳ ದನಿ ಅವಳಿಗೇ ಕಹಿಯಾಗಿತ್ತು. ಬೆಳಗಿನಿಂದ ಒಬ್ಬ ಹುಡುಗಿಯನ್ನು ಬಿಡಿಸಲು ಹುಡುಕಿದ ದಾರ, ಅದೇ ಹುಡುಗಿಯ ಕೈಗೆ ಸುತ್ತಿಕೊಂಡಿತ್ತು.

"ತಡೀರಿ."

ದಾರದಮ್ಮ ಸ್ಪಂಜನ್ನು ಮೊಣಕೈಯಿಂದ ಎದೆಗೊತ್ತಿ ಹಿಡಿದಳು. ನೂಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು. ತಲೆಯನ್ನು ಒಂದು ಸಲ ಸುತ್ತಿಸಿದಳು, ಇನ್ನೊಂದು ಸಲ ಸುತ್ತಿಸಿದಳು. ನಾಲಿಗೆಯಿಂದ ತುದಿಯನ್ನು ಒಳಗೆ ತಳ್ಳಿ, ಹಲ್ಲಿನಿಂದಲೇ ಎಳೆದಳು.

ಸ್ಪಂಜನ್ನು ಮೇಜಿನ ಮೇಲಿಟ್ಟಳು. ಎರಡು ಸುತ್ತು, ತುದಿ ಒಳಗೆ. ಮೂಲೆ ಒಂದಿಷ್ಟೂ ಪುಡಿಯಾಗಿರಲಿಲ್ಲ.

ಪ್ರೊಫೆಸರ್ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತರು.

"ಈಗ ಬರ್ಕೊಳ್ಳಿ," ದಾರದಮ್ಮ ಹೇಳಿದಳು. "ಅವಳನ್ನ ಬಿಟ್ಬಿಡಿ."

ಇನ್‌ಸ್ಪೆಕ್ಟರ್ ಚೀಲದಿಂದ ಭೂತಗನ್ನಡಿ ತೆಗೆದಳು. ಡಿಪೋದ ಉಗ್ರಾಣದಲ್ಲಿ ಆರು ಸ್ಪಂಜು ಕಾಲುವೆಗೆ ಹೋಗದೆ ಉಳಿದಿದ್ದವು. ಒಂದನ್ನು ಬೆಳಿಗ್ಗೆ ಮುಳುಗಿಸಿದ್ದಾಗಿತ್ತು. ಇನ್ನೈದು ಅವಳ ಚೀಲದ ಪೊಟ್ಟಣದಲ್ಲಿದ್ದವು. ಐದು ಸ್ಪಂಜು, ಐದು ಗಂಟು.

ಮೊದಲು ಈಗ ಕಟ್ಟಿದ ಗಂಟನ್ನು ನೋಡಿದಳು. ಹಲ್ಲು ಕಚ್ಚಿದ ಕಡೆ ನೂಲು ಚಪ್ಪಟೆಯಾಗಿ ಎಳೆ ಬಿಟ್ಟಿತ್ತು.

ಪೊಟ್ಟಣದ ಮೊದಲನೆಯ ಸ್ಪಂಜು ತೆಗೆದಳು. ನೂಲಿನ ತುದಿ ದುಂಡಗೆ, ನಯವಾಗಿತ್ತು. ಬೆರಳು ಕಟ್ಟಿದ ಗಂಟು. ಮಗಳದು.

ಎರಡನೆಯದನ್ನು ಎತ್ತಿದಳು.

ತುದಿ ಚಪ್ಪಟೆಯಾಗಿತ್ತು. ಎಳೆ ಬಿಟ್ಟಿತ್ತು.

ಮೂರನೆಯದು ಚಪ್ಪಟೆ. ನಾಲ್ಕನೆಯದು ನಯ.

ಇನ್‌ಸ್ಪೆಕ್ಟರ್ ಐದನೆಯದನ್ನು ತೆಗೆಯದೆ ತಲೆ ಎತ್ತಿದಳು. ಆ ಮಂಗಳವಾರ ಒಂದೇ ಮೇಜಿನ ಎರಡು ಬದಿಯಲ್ಲಿ ಅಮ್ಮ, ಮಗಳು ಕೂತಿದ್ದರು. ಒಬ್ಬಳು ಬೆರಳಿನಿಂದ, ಒಬ್ಬಳು ಹಲ್ಲಿನಿಂದ. ಆಮೇಲೆ ಒಬ್ಬ ಮನುಷ್ಯ ಸತ್ತಾಗ, ಒಬ್ಬಳು ಒಳಗೆ ಹೋಗುವುದು, ಒಬ್ಬಳು ಹೊರಗಿರುವುದು ಎಂದು ಮಾತಾಗಿರಬೇಕು. ಯಾಕೆಂದು ಕೇಳುವ ಅಗತ್ಯ ಬೀಳಲಿಲ್ಲ.

ಹೊರಗೆ ಕಟ್ಟಡದ ಗಂಟೆ ಒಂದು ಸಲ ಬಾರಿಸಿತು.

ದಾರದಮ್ಮ ಭೂತಗನ್ನಡಿಯನ್ನು ನೋಡಿದಳು. ಬಿಡಿಯಾಗಿ ಇಟ್ಟ ನಾಲ್ಕು ಸ್ಪಂಜುಗಳನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಂದೊಂದೇ ಬೆರಳನ್ನು.

"ಮಗುವನ್ನ ಒಂದು ಗಂಟೆಗೆ ಕರ್ಕೊಂಡು ಬರ್ಬೇಕು ಮೇಡಂ," ಎಂದಳು. "ಪಕ್ಕದ ಮನೆಯವರು ಹೊರಗೆ ಹೋಗ್ತಾರೆ. ಹೋಗಿ ಬರ್ಲಾ?"

ಪೇದೆ ಪೆನ್ನು ಹಿಡಿದು ಇನ್‌ಸ್ಪೆಕ್ಟರ್ ಮುಖ ನೋಡುತ್ತಿದ್ದ.